11,608 – 11,608: ವರ್ಜೀನಿಯಾದ 94ನೇ ಕ್ಷೇತ್ರದಲ್ಲಿ ಫಲಿತಾಂಶ ತೀರ್ಮಾನವಾದ ಬಗೆ

ಅಮೆರಿಕದ ವರ್ಜೀನಿಯಾ ರಾಜ್ಯದ 94ನೇ ವಿಧಾನಸಭಾ ಕ್ಷೇತ್ರದ 2017ರ ಚುನಾವಣೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಒಂದು ಪಿಂಗಾಣಿ ಬಟ್ಟಲು. ಇಬ್ಬರು ಅಭ್ಯರ್ಥಿಗಳಿಗೆ ಸಮ ಮತ ಬಂತು, ಬಟ್ಟಲಿಂದ ಚೀಟಿ ಎತ್ತಿದರು, ಒಬ್ಬರು ಶಾಸಕರಾದರು. ಪತ್ರಿಕೆಗಳಿಗೆ ಅಷ್ಟು ಸಾಕಿತ್ತು. ಚುನಾವಣೆ ನಡೆಸುವ, ಎಣಿಕೆಗೆ ಕೂರುವ ಜನರಿಗೆ ಈ ಪ್ರಕರಣದಲ್ಲಿ ಚೀಟಿ ಎತ್ತಿದ್ದು ತೀರಾ ಸಣ್ಣ ಭಾಗ. ಅದಕ್ಕಿಂತ ಮೊದಲೇ ಮೂರು ಕಡೆ ಫಲಿತಾಂಶ ವಾಲಿತ್ತು: ಮರುಎಣಿಕೆಯ ಮೇಜಿನಲ್ಲಿ, ಒಂದೇ ಒಂದು ಮತಪತ್ರದ ಮೇಲೆ, ಮತ್ತು ಯಾರ ಕಣ್ಣಿಗೂ ಬೀಳದ ಬೀದಿವಾರು ಮತದಾರರ ವಿಂಗಡಣೆಯಲ್ಲಿ. ಕೊನೆಯದೇ ಎಲ್ಲಕ್ಕಿಂತ ದೊಡ್ಡದು. ಅದು ಹೊರಬಿದ್ದದ್ದು ಎಲ್ಲ ಮುಗಿದ ಮೇಲೆ.

ಕ್ಷೇತ್ರ ಮತ್ತು ಕಣ

ವರ್ಜೀನಿಯಾದ ಕೆಳಮನೆಗೆ ಹೌಸ್ ಆಫ್ ಡೆಲಿಗೇಟ್ಸ್ ಎಂದು ಹೆಸರು. 100 ಸ್ಥಾನ, ಎರಡೇ ವರ್ಷದ ಅವಧಿ, ಬೆಸ ಸಂಖ್ಯೆಯ ವರ್ಷಗಳ ನವೆಂಬರಿನಲ್ಲಿ ಚುನಾವಣೆ. 2010ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 80 ಲಕ್ಷ ಇದ್ದುದರಿಂದ ಆಗ ಒಂದು ಕ್ಷೇತ್ರಕ್ಕೆ ಸುಮಾರು 80 ಸಾವಿರ ಜನ ಬರುತ್ತಿದ್ದರು. ನಮ್ಮ ಲೆಕ್ಕದಲ್ಲಿ ಇದು ಪುಟ್ಟ ಕ್ಷೇತ್ರ. ಬೆಂಗಳೂರಿನ ಒಂದು ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯೇ ಇದಕ್ಕಿಂತ ಉದ್ದ.

ಆಗಿನ 94ನೇ ಕ್ಷೇತ್ರ ನ್ಯೂಪೋರ್ಟ್ ನ್ಯೂಸ್ ನಗರದೊಳಗಿನದಾಗಿತ್ತು. ಜೇಮ್ಸ್ ನದಿಯ ದಂಡೆಯಲ್ಲಿರುವ ಈ ಊರು ಬದುಕುವುದು ಹಡಗು ಕಟ್ಟುವ ಕಾರ್ಖಾನೆಯಿಂದ. ಅಮೆರಿಕದ ನೌಕಾಪಡೆಯ ವಿಮಾನವಾಹಕ ಹಡಗುಗಳು ತಯಾರಾಗುವುದು ಇಲ್ಲಿಯೇ. ಆಗಿನ ಶಾಸಕ ರಿಪಬ್ಲಿಕನ್ ಪಕ್ಷದ ಡೇವಿಡ್ ಯಾನ್ಸಿ 2011ರಲ್ಲಿ ಮೊದಲು ಗೆದ್ದವರು. ಎದುರಾಳಿ ಡೆಮಾಕ್ರಟಿಕ್ ಪಕ್ಷದ ಶೆಲ್ಲಿ ಸೈಮಂಡ್ಸ್ ಊರಿನ ಶಾಲಾ ಮಂಡಳಿಯ ಸದಸ್ಯೆ. ಲಿಬರ್ಟೇರಿಯನ್ ಪಕ್ಷದ ಮೂರನೆಯ ಅಭ್ಯರ್ಥಿಯೂ ಕಣದಲ್ಲಿದ್ದರು. ಇಷ್ಟು ಸಣ್ಣ ಅಂತರದ ಕಣದಲ್ಲಿ ಮೂರನೆಯವರಿಗೆ ಬಿದ್ದ ಮತಗಳ ಬಗ್ಗೆ ಆಮೇಲೆ ಎಷ್ಟು ಬೇಕಾದರೂ ವಾದ ಮಾಡಬಹುದು, ಪ್ರಯೋಜನವಿಲ್ಲ.

2017ರ ನವೆಂಬರ್ 7ರಂದು ಮತದಾನ. ಅದೇ ದಿನ ರಾಜ್ಯಪಾಲರ ಚುನಾವಣೆಯೂ ಇತ್ತು. ಅಲ್ಲಿ ರಾಜ್ಯಪಾಲರು ಎಂದರೆ ಜನರಿಂದಲೇ ಆಯ್ಕೆಯಾಗುವ ಸರ್ಕಾರದ ಮುಖ್ಯಸ್ಥರು, ನಮ್ಮ ಮುಖ್ಯಮಂತ್ರಿಯ ಸ್ಥಾನದವರು. ಡೆಮಾಕ್ರಟಿಕ್ ಪಕ್ಷದ ರಾಲ್ಫ್ ನಾರ್ಥಮ್ ರಿಪಬ್ಲಿಕನ್ ಪಕ್ಷದ ಎಡ್ ಗಿಲೆಸ್ಪಿಯನ್ನು ಸೋಲಿಸಿದರು. ಆ ಅಲೆಯಲ್ಲಿ ಕೆಳಮನೆಯ ಲೆಕ್ಕವೂ ತಲೆಕೆಳಗಾಯಿತು. ಚುನಾವಣೆಗೆ ಮೊದಲು ರಿಪಬ್ಲಿಕನ್ನರು 66, ಡೆಮಾಕ್ರಟರು 34. ಎಣಿಕೆ ಮುಗಿಯುವ ಹೊತ್ತಿಗೆ 51–49ರ ಆಸುಪಾಸು. 94ನೇ ಕ್ಷೇತ್ರ ಕೈಬದಲಾದರೆ ಸರಿಯಾಗಿ 50–50. ಕೆಳಮನೆಯಲ್ಲಿ ಸಮಬಲ ಮುರಿಯಲು ನಿರ್ಣಾಯಕ ಮತದ ಏರ್ಪಾಡು ಇಲ್ಲ. ಮೇಲ್ಮನೆಯಲ್ಲಿ ಮಾತ್ರ ಉಪರಾಜ್ಯಪಾಲರಿಗೆ ಆ ಮತ ಉಂಟು. ಹಾಗಾಗಿ ಈ ಒಂದು ಸ್ಥಾನದ ಮೇಲೆ ಸ್ಪೀಕರ್ ಪೀಠ, ಸಮಿತಿಗಳ ಅಧ್ಯಕ್ಷತೆ ಎಲ್ಲವೂ ನಿಂತಿತ್ತು.

ಮರುಎಣಿಕೆ: 10 ಮತಗಳ ಲೀಡ್ ಕರಗಿದ್ದು ಹೇಗೆ

ಅಧಿಕೃತ ಎಣಿಕೆಯ ಪ್ರಕಾರ ಯಾನ್ಸಿ 10 ಮತಗಳಿಂದ ಮುಂದಿದ್ದರು. ಚಲಾವಣೆಯಾದ ಮತ 23 ಸಾವಿರಕ್ಕೂ ಮೇಲೆ. ವರ್ಜೀನಿಯಾದಲ್ಲಿ ಮರುಎಣಿಕೆ ತಾನಾಗಿ ನಡೆಯುವುದಿಲ್ಲ. ಸೋತವರು ಅರ್ಜಿ ಹಾಕಬೇಕು, ಅಂತರ ಶೇ 1 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಅಂತರ ಶೇ 0.5ರೊಳಗೆ ಇದ್ದರೆ ಖರ್ಚು ಅರ್ಜಿದಾರರ ಮೇಲೆ ಬೀಳುವುದಿಲ್ಲ. ಅರ್ಜಿ ಹೋಗುವುದು ಚುನಾವಣಾ ಕಚೇರಿಗಲ್ಲ, ನ್ಯಾಯಾಲಯಕ್ಕೆ. ಅಲ್ಲಿನ ಸರ್ಕ್ಯೂಟ್ ಕೋರ್ಟಿನ ಮುಖ್ಯ ನ್ಯಾಯಾಧೀಶರು ಮತ್ತು ರಾಜ್ಯದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ನೇಮಿಸುವ ಇನ್ನಿಬ್ಬರು ಸೇರಿ ಮೂವರ ಪೀಠವಾಗುತ್ತದೆ. ಮರುಎಣಿಕೆಯ ಕಾರ್ಯವಿಧಾನವನ್ನು ಈ ಪೀಠವೇ ಲಿಖಿತ ಆದೇಶದಲ್ಲಿ ಹೇಳುತ್ತದೆ.

ಆ ವರ್ಷ ಒಂದು ಅದೃಷ್ಟ ಕೂಡಿಬಂದಿತ್ತು. 2017ರ ಸೆಪ್ಟೆಂಬರಿನಲ್ಲಷ್ಟೇ, ಚುನಾವಣೆಗೆ ಎರಡು ತಿಂಗಳಿರುವಾಗ, ಕಾಗದದ ದಾಖಲೆ ಉಳಿಸದ ಟಚ್‌ಸ್ಕ್ರೀನ್ ಯಂತ್ರಗಳ ಮಾನ್ಯತೆಯನ್ನು ರಾಜ್ಯ ರದ್ದು ಮಾಡಿತ್ತು. ಹಾಗಾಗಿ ಇಡೀ ರಾಜ್ಯ ಕಾಗದದ ಮತಪತ್ರಕ್ಕೆ ಬಂದಿತ್ತು. ಹೆಸರಿನ ಪಕ್ಕದ ಅಂಡಾಕಾರವನ್ನು ಪೆನ್ನಿನಿಂದ ತುಂಬಬೇಕು, ಸ್ಕ್ಯಾನರ್ ಅದನ್ನು ಓದುತ್ತದೆ, ಕಾಗದ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ನಮ್ಮ ಸಿಇಟಿ, ನೀಟ್ ಪರೀಕ್ಷೆಗಳ ಒಎಂಆರ್ ಹಾಳೆಯ ಹಾಗೆಯೇ. ಕಾಗದವಿಲ್ಲದಿದ್ದರೆ ಮರುಎಣಿಕೆ ಎಂದರೆ ಯಂತ್ರ ಕೊಟ್ಟ ಅದೇ ಅಂಕಿಯನ್ನು ಇನ್ನೊಮ್ಮೆ ಓದುವುದಷ್ಟೇ ಆಗುತ್ತಿತ್ತು.

ಮರುಎಣಿಕೆಯಲ್ಲಿ ಎಲ್ಲ ಮತಪತ್ರಗಳನ್ನೂ ಸ್ಕ್ಯಾನರಿಗೆ ಮತ್ತೆ ಹಾಕುತ್ತಾರೆ. ಆದರೆ ಯಂತ್ರವನ್ನು ಈ ಬಾರಿ ಒಂದೇ ಹುದ್ದೆಯ ಮತ ಓದಲು ಹೊಂದಿಸಿ, ಮೂರು ಬಗೆಯ ಹಾಳೆಗಳನ್ನು ಪ್ರತ್ಯೇಕ ಮಾಡಿಸುತ್ತಾರೆ: ಆ ಹುದ್ದೆಗೆ ಗುರುತೇ ಕಾಣದವು, ಒಬ್ಬರಿಗಿಂತ ಹೆಚ್ಚು ಜನರಿಗೆ ಗುರುತು ಬಿದ್ದವು, ಮತ್ತು ಮತದಾರ ತಾನೇ ಹೆಸರು ಬರೆದವು. ಇವನ್ನು ಕೈಯಲ್ಲಿ ಹಿಡಿದು ನೋಡುವುದು ಎರಡೂ ಪಕ್ಷಗಳ ಕಡೆಯಿಂದ ಸಮ ಸಂಖ್ಯೆಯಲ್ಲಿ ನೇಮಕವಾದ ಎಣಿಕೆ ಅಧಿಕಾರಿಗಳು. ಅಂತರ ಬದಲಾಗುವುದು ಇಲ್ಲಿಯೇ. ಅಂಡಾಕಾರ ತುಂಬುವ ಬದಲು ಅದರ ಸುತ್ತ ವೃತ್ತ ಎಳೆದವರು, ಹೆಸರಿಗೆ ಟಿಕ್ ಹಾಕಿದವರು, ಗುರುತು ತೀರಾ ತಿಳಿಯಾಗಿ ಮಾಡಿದವರು ಯಂತ್ರದ ಪಾಲಿಗೆ ಮತ ಹಾಕಿಯೇ ಇಲ್ಲ. ಮನುಷ್ಯರ ಕಣ್ಣಿಗೆ ಹಾಕಿದ್ದಾರೆ. ಯಾವ ಗುರುತನ್ನು ಹೇಗೆ ಓದಬೇಕು ಎಂದು ರಾಜ್ಯ ಚುನಾವಣಾ ಮಂಡಳಿಯ ಸಚಿತ್ರ ಕೈಪಿಡಿ ಮೇಜಿನ ಮೇಲಿರುತ್ತದೆ. ಇಬ್ಬರೂ ಅಧಿಕಾರಿಗಳು ಒಪ್ಪಿದರೆ ಅದೇ ತೀರ್ಮಾನ. ಒಪ್ಪದಿದ್ದರೆ ಆ ಹಾಳೆ ತಕರಾರು ಮತಪತ್ರವಾಗಿ ನ್ಯಾಯಪೀಠಕ್ಕೆ ಹೋಗುತ್ತದೆ.

ಡಿಸೆಂಬರ್ 19ರಂದು ಈ ಕೆಲಸ ಮುಗಿದಾಗ ಸೈಮಂಡ್ಸ್ 11,608, ಯಾನ್ಸಿ 11,607. ಹತ್ತು ಮತಗಳ ಹಿನ್ನಡೆ ಒಂದು ಮತದ ಮುನ್ನಡೆಯಾಗಿತ್ತು. ಕೆಳಮನೆ 50–50 ಎಂದು ಅಂದು ರಾತ್ರಿ ದೇಶವಿಡೀ ಸುದ್ದಿ.

ಒಂದು ಮತಪತ್ರ

ಮರುದಿನ ಬೆಳಿಗ್ಗೆ ಪೀಠ ಫಲಿತಾಂಶಕ್ಕೆ ಮುದ್ರೆ ಒತ್ತುವುದಷ್ಟೇ ಬಾಕಿ ಇತ್ತು. ಅಷ್ಟರಲ್ಲಿ ರಿಪಬ್ಲಿಕನ್ ಕಡೆಯ ಎಣಿಕೆ ಅಧಿಕಾರಿಯೊಬ್ಬರು ನ್ಯಾಯಾಲಯಕ್ಕೆ ಪತ್ರ ಬರೆದರು. ಹಿಂದಿನ ದಿನ ತಾವು ಅಸಿಂಧು ಎಂದು ಒಪ್ಪಿದ್ದ ಒಂದು ಮತಪತ್ರದ ಬಗ್ಗೆ ತಮಗೆ ಗೊಂದಲವಾಗಿತ್ತು, ಅದು ಯಾನ್ಸಿಗೆ ಸೇರಬೇಕಾದ ಮತ ಎಂಬುದು ಪತ್ರದ ಸಾರ.

ಆ ಹಾಳೆಯ ಮೇಲೆ ಇದ್ದದ್ದು ಇಷ್ಟು. ಡೆಲಿಗೇಟ್ ಹುದ್ದೆಗೆ ಸೈಮಂಡ್ಸ್ ಮತ್ತು ಯಾನ್ಸಿ ಇಬ್ಬರ ಅಂಡಾಕಾರಗಳೂ ತುಂಬಿದ್ದವು. ಸೈಮಂಡ್ಸ್ ಅವರ ಗುರುತಿನ ಮೇಲೆ ಹೆಚ್ಚುವರಿಯಾಗಿ ಒಂದು ಓರೆಗೆರೆ. ಉಳಿದ ಹುದ್ದೆಗಳಿಗೆ ಮತದಾರ ರಿಪಬ್ಲಿಕನ್ ಅಭ್ಯರ್ಥಿಗಳನ್ನೇ ಆರಿಸಿದ್ದರು. ಆದರೆ ರಾಜ್ಯಪಾಲರ ಹುದ್ದೆಯಲ್ಲಿ ಗಿಲೆಸ್ಪಿಯ ಅಂಡಾಕಾರ ತುಂಬಿದ ಮೇಲೆ ಅಲ್ಲೂ ಒಂದು ಎಕ್ಸ್ ಗುರುತು ಹಾಕಿದ್ದರು.

ಯಾನ್ಸಿ ಕಡೆಯ ವಾದ ಸರಳ: ಓರೆಗೆರೆ ಎಂದರೆ ಹೊಡೆದುಹಾಕಿದ್ದು, ಹಾಳೆಯ ಉಳಿದ ಭಾಗವೂ ಅದನ್ನೇ ಹೇಳುತ್ತದೆ. ಸೈಮಂಡ್ಸ್ ಕಡೆಯವರ ವಾದ ಎರಡು ಕವಲಿನದು. ಗಿಲೆಸ್ಪಿ ಹೆಸರಿನ ಮೇಲೂ ಹೆಚ್ಚುವರಿ ಗುರುತಿದೆ, ಅಲ್ಲಿ ಅದು ಮತ ರದ್ದು ಮಾಡಿದ್ದಲ್ಲ ಎಂದಾದರೆ ಇಲ್ಲಿ ಮಾತ್ರ ರದ್ದು ಎಂದು ಹೇಗೆ ಓದುತ್ತೀರಿ? ಎರಡನೆಯದಾಗಿ, ಪೀಠವೇ ಹೊರಡಿಸಿದ ಕಾರ್ಯವಿಧಾನದಂತೆ ತಕರಾರು ಎತ್ತಬೇಕಾದದ್ದು ಮೇಜಿನ ಬಳಿ, ಅದೇ ದಿನ. ಇಬ್ಬರೂ ಒಪ್ಪಿ ಬದಿಗಿಟ್ಟ ಹಾಳೆಯನ್ನು ಅಂಕಿ ಗೊತ್ತಾದ ಮೇಲೆ ಮರುದಿನ ಎತ್ತಿಕೊಳ್ಳುವಂತಿಲ್ಲ.

ಮೂವರು ನ್ಯಾಯಾಧೀಶರು ಹಾಳೆ ನೋಡಿ ಅದು ಯಾನ್ಸಿಗೆ ಬಿದ್ದ ಮತ ಎಂದು ತೀರ್ಪು ಕೊಟ್ಟರು. 11,608 – 11,608.

ಗುರುತಿನ ಅರ್ಥದ ಮಟ್ಟಿಗೆ ಪೀಠದ ಓದು ಒಪ್ಪುವಂಥದ್ದೇ. ಇಬ್ಬರಿಗೆ ಗುರುತು ಹಾಕಿ ಒಬ್ಬರ ಮೇಲೆ ಮಾತ್ರ ಗೆರೆ ಎಳೆದವರು ಬೇರೇನು ಹೇಳಲು ಹೊರಟಿರಬಹುದು? ಕಾರ್ಯವಿಧಾನದ ಮಟ್ಟಿಗೆ ಮಾತ್ರ ಸೈಮಂಡ್ಸ್ ಕಡೆಯ ವಾದ ಗಟ್ಟಿಯಾಗಿತ್ತು. ಅಂಕಿ ಹೊರಬಿದ್ದ ಮೇಲೆ ಒಂದೇ ಹಾಳೆಯನ್ನು ಮತ್ತೆ ತೆರೆದರೆ, ಬದಿಗಿಟ್ಟ ಉಳಿದ ಎಲ್ಲ ಹಾಳೆಗಳನ್ನೂ ತೆರೆಯಬೇಕು ಎಂಬ ಬೇಡಿಕೆಗೆ ಉತ್ತರವಿಲ್ಲ. ಮೇಜಿನಲ್ಲಿ ಕೂತವರು ಕಲಿಯಬೇಕಾದದ್ದು ಇದು: ಅನುಮಾನ ಬಂದ ಹಾಳೆಯನ್ನು ಆಗಲೇ ತಕರಾರಿಗೆ ಹಾಕಿ, ಸಂಖ್ಯೆ ಬರೆಸಿ, ನ್ಯಾಯಪೀಠದ ಲಕೋಟೆಗೆ ಸೇರಿಸಬೇಕು. ಸಂಜೆಯ ದಣಿವಿನಲ್ಲಿ 'ಹೋಗಲಿ ಬಿಡಿ' ಎಂದು ಒಪ್ಪಿದ ಹಾಳೆಯೇ ಮರುದಿನ ಕೊರಳಿಗೆ ಸುತ್ತಿಕೊಳ್ಳುತ್ತದೆ.

ಮತಗಟ್ಟೆಯಲ್ಲಿ ಹಾಕಿದ ಮತವಾದರೆ ಇಂಥ ಹಾಳೆ ಉಳಿಯುವುದೇ ಅಪರೂಪ. ಇಬ್ಬರಿಗೆ ಗುರುತು ಬಿದ್ದರೆ ಸ್ಕ್ಯಾನರ್ ಎಚ್ಚರಿಸುತ್ತದೆ; ಮತದಾರ ಕೆಟ್ಟ ಹಾಳೆ ಹಿಂದಿರುಗಿಸಿ ಹೊಸದು ಪಡೆಯಬಹುದು. ಕೆಲವರು ಮಾತ್ರ ಸರತಿಯಲ್ಲಿ ಮತ್ತೆ ನಿಲ್ಲಲು ಬೇಸರಪಟ್ಟು, ಗೆರೆ ಹೊಡೆದು, 'ಹಾಗೇ ತೆಗೆದುಕೊಳ್ಳಲಿ' ಎಂದು ಹೊರಟುಬಿಡುತ್ತಾರೆ. ಅಂಚೆಯಲ್ಲಿ ಬರುವ ಮತಪತ್ರಕ್ಕೆ ಆ ಎಚ್ಚರಿಕೆಯೂ ಇಲ್ಲ.

ಕರ್ನಾಟಕದಲ್ಲಿ ಮತಯಂತ್ರ ಬಂದ ಮೇಲೆ ಇಬ್ಬರಿಗೆ ಮತ ಒತ್ತುವುದು ಸಾಧ್ಯವಿಲ್ಲ, ಅಸಿಂಧುವಾದದ್ದಕ್ಕೆ ಹೇಳುತ್ತಿದ್ದ ಕುಲಗೆಟ್ಟ ಮತ ಎಂಬ ಮಾತೇ ಹೊಸ ಪೀಳಿಗೆಗೆ ಗೊತ್ತಿಲ್ಲ. ಆದರೂ ಅಂಚೆ ಮತಪತ್ರ ಇಂದಿಗೂ ಕಾಗದವೇ. ನಮ್ಮ ಚುನಾವಣಾ ನಿಯಮಗಳೂ ಅದೇ ಕತ್ತಿಯಂಚಿನ ಮೇಲೆ ನಡೆಯುತ್ತವೆ: ಒಬ್ಬರಿಗಿಂತ ಹೆಚ್ಚು ಅಭ್ಯರ್ಥಿಗಳಿಗೆ ಮತ ಹಾಕಿದ್ದರೆ ತಿರಸ್ಕರಿಸಬೇಕು, ಗುರುತು ಅಸ್ಪಷ್ಟ ಅಥವಾ ಒಂದಕ್ಕಿಂತ ಹೆಚ್ಚು ಸಲ ಇದೆ ಎಂಬ ಕಾರಣಕ್ಕೇ ತಿರಸ್ಕರಿಸಬಾರದು, ಯಾರಿಗೆ ಹಾಕಿದ್ದು ಎಂಬ ಉದ್ದೇಶ ಸ್ಪಷ್ಟವಿದ್ದರೆ ಒಪ್ಪಬೇಕು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ವಿರುದ್ಧ 16 ಮತಗಳಿಂದ ಗೆದ್ದಾಗ ನಡುರಾತ್ರಿಯವರೆಗೆ ಜಗಳ ನಡೆದದ್ದು ಮತಯಂತ್ರದ ಅಂಕಿಯ ಬಗ್ಗೆ ಅಲ್ಲ, ಅಂಚೆ ಮತಗಳ ಬಗ್ಗೆ.

ಬಟ್ಟಲು ಮತ್ತು ಚೀಟಿ

ವರ್ಜೀನಿಯಾದ ಚುನಾವಣಾ ಕಾನೂನಿನಲ್ಲಿ ಸಮ ಮತ ಬಂದರೆ ರಾಜ್ಯ ಚುನಾವಣಾ ಮಂಡಳಿ ಸಾರ್ವಜನಿಕವಾಗಿ ಚೀಟಿ ಎತ್ತಿ ತೀರ್ಮಾನಿಸಬೇಕು. ಮರುಚುನಾವಣೆ ಇಲ್ಲ. ಮೊದಲು ಡಿಸೆಂಬರ್ 27ಕ್ಕೆ ಎಂದು ನಿಗದಿಯಾಗಿತ್ತು. ತೀರ್ಪು ಮರುಪರಿಶೀಲಿಸಿ ಎಂದು ಸೈಮಂಡ್ಸ್ ಕೇಳಿದ್ದರಿಂದ ಮುಂದೆ ಹೋಯಿತು. ಪೀಠ ಆ ಮನವಿಯನ್ನು ತಳ್ಳಿಹಾಕಿದ ಮರುದಿನವೇ, ಜನವರಿ 4ರಂದು, ರಾಜಧಾನಿ ರಿಚ್ಮಂಡ್‌ನಲ್ಲಿ ಚೀಟಿ ಎತ್ತಿದರು.

ಎರಡು ಚೀಟಿ, ಒಂದೊಂದರಲ್ಲಿ ಒಂದು ಹೆಸರು. ಪ್ರತಿಯೊಂದನ್ನೂ ಹಳೆಯ ಕ್ಯಾಮೆರಾ ರೀಲಿನ ಡಬ್ಬಿಯೊಳಗೆ ಹಾಕಿ ಮುಚ್ಚಿದರು. ಡಬ್ಬಿಯ ಉಪಾಯ ಜಾಣತನದ್ದು: ಬರಿಯ ಚೀಟಿಯಾದರೆ ಮಡಿಕೆ, ಕಾಗದದ ದಪ್ಪ ಬೆರಳಿಗೆ ತಿಳಿಯಬಹುದು, ಒಂದೇ ಅಳತೆಯ ಮುಚ್ಚಿದ ಡಬ್ಬಿಯಲ್ಲಿ ಅಂಥ ಗುಮಾನಿಗೆ ಎಡೆಯಿಲ್ಲ. ಡಬ್ಬಿಗಳನ್ನು ವರ್ಜೀನಿಯಾ ಲಲಿತಕಲಾ ಸಂಗ್ರಹಾಲಯದಿಂದ ತರಿಸಿದ್ದ, ಅಲ್ಲಿಯದೇ ಕಲಾವಿದ ಸ್ಟೀವನ್ ಗ್ಲಾಸ್ ಮಾಡಿದ ನೀಲಿ-ಬಿಳಿ ಬಟ್ಟಲಿಗೆ ಹಾಕಿ ಕಲಸಿದರು. ಮಂಡಳಿಯ ಅಧ್ಯಕ್ಷ ಜೇಮ್ಸ್ ಆಲ್ಕಾರ್ನ್ ಒಂದನ್ನು ಎತ್ತಿ ಓದಿದರು: ಡೇವಿಡ್ ಯಾನ್ಸಿ. ಎರಡನೆಯ ಡಬ್ಬಿಯನ್ನೂ ತೆರೆದು ಅದರಲ್ಲಿ ಸೈಮಂಡ್ಸ್ ಹೆಸರಿದೆ ಎಂದು ತೋರಿಸಿದರು. ಎರಡನೆಯದನ್ನು ತೆರೆದು ತೋರಿಸುವ ಈ ಹೆಜ್ಜೆಯನ್ನು ಎಲ್ಲಿ ಚೀಟಿ ಎತ್ತಿದರೂ ಬಿಡಬಾರದು. ಸೈಮಂಡ್ಸ್ ಕುಟುಂಬದ ಜೊತೆ ಮುಂದೆಯೇ ಕೂತಿದ್ದರು. ಯಾನ್ಸಿ ಬಂದಿರಲಿಲ್ಲ.

ಗ್ರಾಮ ಪಂಚಾಯಿತಿ ಚುನಾವಣೆ ನೋಡಿದವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಭಾರತದ 1951ರ ಜನಪ್ರಾತಿನಿಧ್ಯ ಕಾಯ್ದೆಯ 65ನೇ ಕಲಮು ವಿಧಾನಸಭೆ, ಲೋಕಸಭೆಗಳಿಗೂ ಇದನ್ನೇ ಹೇಳುತ್ತದೆ: ಚುನಾವಣಾಧಿಕಾರಿ ಕೂಡಲೇ ಚೀಟಿ ಎತ್ತಬೇಕು, ಬಂದ ಹೆಸರಿನವರಿಗೆ ಒಂದು ಹೆಚ್ಚುವರಿ ಮತ ಬಿದ್ದಂತೆ ಭಾವಿಸಬೇಕು. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರ 2004ರಲ್ಲಿ ಇದರ ಹೊಸಿಲಿಗೆ ಬಂದು ನಿಂತಿತ್ತು: ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಒಂದು ಮತ.

ವ್ಯತ್ಯಾಸ ಇರುವುದು ಮುಂದಿನ ಹಾದಿಯಲ್ಲಿ. ನಮ್ಮಲ್ಲಿ ಸೋತವರು ಫಲಿತಾಂಶದ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. ವರ್ಜೀನಿಯಾದಲ್ಲಿ ಕೆಳಮನೆಯ ಸದಸ್ಯನ ಆಯ್ಕೆಯನ್ನು ಪ್ರಶ್ನಿಸಿದರೆ ವಿಚಾರಿಸುವುದು ಆ ಮನೆಯೇ. ಒಂದು ಸ್ಥಾನದ ಬಹುಮತ ಯಾರದೋ ಅವರೇ ತೀರ್ಪುಗಾರರು. ಇನ್ನೊಂದು ಮರುಎಣಿಕೆ ಕೇಳುವ ದಾರಿಯಿದ್ದರೂ ಸೈಮಂಡ್ಸ್ ಅದನ್ನು ಹಿಡಿಯಲಿಲ್ಲ. ಜನವರಿ 10ರಂದು, ಅಧಿವೇಶನ ಶುರುವಾದ ದಿನ, ಸೋಲು ಒಪ್ಪಿಕೊಂಡರು. 51–49ರಲ್ಲಿ ರಿಪಬ್ಲಿಕನ್ ಪಕ್ಷದ ಕರ್ಕ್ ಕಾಕ್ಸ್ ಸ್ಪೀಕರ್ ಆದರು. ತಮಾಷೆಯೆಂದರೆ, ಡೆಮಾಕ್ರಟರು ವರ್ಷಗಟ್ಟಲೆ ಕೇಳುತ್ತಿದ್ದ ಬಡವರ ಆರೋಗ್ಯ ವಿಮೆ ಮೆಡಿಕೇಯ್ಡ್ ವಿಸ್ತರಣೆ ಅದೇ ಸದನದಲ್ಲಿ, ಅದೇ 2018ರಲ್ಲಿ, ಕೆಲವು ರಿಪಬ್ಲಿಕನ್ ಸದಸ್ಯರ ಮತದೊಂದಿಗೆ ಪಾಸಾಯಿತು. ಚೀಟಿ ಸ್ಪೀಕರ್ ಪೀಠವನ್ನು ಉಳಿಸಿತು. ಅಲೆಯಲ್ಲಿ 15 ಸ್ಥಾನ ಕಳೆದುಕೊಂಡ ಭಯ ಉಳಿದ ಕೆಲಸ ಮಾಡಿತು.

ತಪ್ಪು ಬೀದಿಯ 26 ಮತ

2018ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಮತದಾರರ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದ ವರದಿ ಇಡೀ ಕಥೆಯ ಬುಡವನ್ನೇ ಅಲುಗಿಸಿತು. ಸೈಮಂಡ್ಸ್–ಯಾನ್ಸಿ ಕಣದಲ್ಲಿ ಮತ ಹಾಕಬೇಕಿದ್ದ 26 ಮತದಾರರು ತಪ್ಪು ಕ್ಷೇತ್ರದಲ್ಲಿ ಮತ ಹಾಕಿದ್ದರು. ಅವರಿದ್ದದ್ದು ಕಪ್ಪು ಜನಾಂಗದವರು ಹೆಚ್ಚಿರುವ, ಡೆಮಾಕ್ರಟಿಕ್ ಪಕ್ಷಕ್ಕೆ ಭಾರೀ ಒಲವಿರುವ ಮತಗಟ್ಟೆಯಲ್ಲಿ. ಮತ ಗುಪ್ತವಾದ್ದರಿಂದ ಆ 26ರಲ್ಲಿ ಯಾರು ಯಾರಿಗೆ ಹಾಕುತ್ತಿದ್ದರು ಎಂದು ಸಾಬೀತು ಮಾಡಲಾಗದು. ಆದರೆ ಸಮ ಸಮ ನಿಂತ ಕಣದಲ್ಲಿ 26 ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇದು ಆಗುವ ಬಗೆ ಹೀಗೆ. ಹತ್ತು ವರ್ಷಕ್ಕೊಮ್ಮೆ ಕ್ಷೇತ್ರಗಳ ಗಡಿ ಹೊಸದಾಗಿ ಎಳೆಯುತ್ತಾರೆ. ಗಡಿ ಕೆಲವು ಕಡೆ ಒಂದೇ ಮತಗಟ್ಟೆಯ ನಡುವೆ ಹಾದುಹೋಗುತ್ತದೆ. ಆ ಮತಗಟ್ಟೆಗೆ ಬರುವ ಮತದಾರರಲ್ಲಿ ಕೆಲವರು 94ನೇ ಕ್ಷೇತ್ರದವರು, ಕೆಲವರು 93ನೆಯದರವರು. ಕೊಠಡಿ ಒಂದೇ, ಮತಪತ್ರ ಎರಡು ಬಗೆಯದು. ಯಾರಿಗೆ ಯಾವುದು ಎಂದು ನಿರ್ಧರಿಸುವುದು ನೋಂದಣಿ ಕಚೇರಿಯ ಬೀದಿವಾರು ಕಡತ: ಇಂಥ ರಸ್ತೆ, ಇಷ್ಟರಿಂದ ಇಷ್ಟನೆಯ ಮನೆ ಸಂಖ್ಯೆ, ಸಮ ಸಂಖ್ಯೆಯ ಬದಿ ಇದಕ್ಕೆ, ಬೆಸ ಸಂಖ್ಯೆಯ ಬದಿ ಅದಕ್ಕೆ. ನಕ್ಷೆಯ ಗೆರೆಯನ್ನು ಈ ಸಾಲುಗಳಿಗೆ ಇಳಿಸುವುದು ಸ್ಥಳೀಯ ಸಿಬ್ಬಂದಿ. ಒಂದು ಸಾಲಿನಲ್ಲಿ ಬದಿ ಅದಲುಬದಲಾದರೆ, ಹೊಸ ಬಡಾವಣೆಯ ರಸ್ತೆಯನ್ನು ಪಕ್ಕದ ರಸ್ತೆಯ ಜೊತೆ ಸೇರಿಸಿಬಿಟ್ಟರೆ, ಆ ಮನೆಗಳವರೆಲ್ಲ ವರ್ಷಗಟ್ಟಲೆ ತಪ್ಪು ಮತಪತ್ರವನ್ನೇ ಪಡೆಯುತ್ತಾರೆ. ಮತಗಟ್ಟೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಮತದಾರನ ಹೆಸರು ಪಟ್ಟಿಯಲ್ಲಿದೆ, ಗುರುತಿನ ಚೀಟಿ ಸರಿಯಿದೆ, ಮತಪತ್ರವೂ ಸಿಕ್ಕಿತು. ಮರುಎಣಿಕೆಯೂ ಇದನ್ನು ಹಿಡಿಯದು, ಏಕೆಂದರೆ ಪೆಟ್ಟಿಗೆಯೊಳಗಿನ ಕಾಗದ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಅದೇ ಚುನಾವಣೆಯಲ್ಲಿ ಫ್ರೆಡೆರಿಕ್ಸ್‌ಬರ್ಗ್ ಸುತ್ತಲಿನ 28ನೇ ಕ್ಷೇತ್ರದಲ್ಲಿ ಇದೇ ತಪ್ಪು ಸಕಾಲಕ್ಕೆ ಬೆಳಕಿಗೆ ಬಂದಿತ್ತು: 147 ಮತದಾರರಿಗೆ ತಪ್ಪು ಕ್ಷೇತ್ರದ ಮತಪತ್ರ ಹೋಗಿತ್ತು, ಗೆಲುವಿನ ಅಂತರ 73 ಮತ. ಹೊಸ ಚುನಾವಣೆಗೆ ಕೇಳಿದಾಗ ಫೆಡರಲ್ ನ್ಯಾಯಾಲಯ ಒಪ್ಪಲಿಲ್ಲ. ತಪ್ಪು ಗೊತ್ತಾದ ಕಡೆಯೇ ಪರಿಹಾರ ಸಿಗಲಿಲ್ಲ ಎಂದ ಮೇಲೆ, ಚುನಾವಣೆಯ ಆರು ತಿಂಗಳ ನಂತರ ಗೊತ್ತಾದ 94ರಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಗಡಿ ಬದಲಾದ ಮೇಲೆ

2018ರ ಜೂನಿನಲ್ಲಿ ಫೆಡರಲ್ ನ್ಯಾಯಪೀಠವೊಂದು 2011ರ ನಕ್ಷೆಯ 11 ಕ್ಷೇತ್ರಗಳನ್ನು ಸಂವಿಧಾನಬಾಹಿರ ಎಂದಿತು. ಕಪ್ಪು ಮತದಾರರನ್ನು ಕೆಲವೇ ಕ್ಷೇತ್ರಗಳಲ್ಲಿ ಒತ್ತಿ ತುಂಬಿದ್ದಾರೆ ಎಂಬುದು ಕಾರಣ. 94 ಆ ಹನ್ನೊಂದರಲ್ಲಿ ಇರಲಿಲ್ಲ. ಆದರೆ ನೆರೆಯ 92 ಮತ್ತು 95 ಇದ್ದವು, ಅವನ್ನು ಬಿಚ್ಚಿದರೆ 94ರ ಗಡಿಯೂ ಸರಿಯಲೇಬೇಕು. ನ್ಯಾಯಾಲಯ ನೇಮಿಸಿದ ರಾಜಕೀಯ ವಿಜ್ಞಾನಿ ಬರ್ನಾರ್ಡ್ ಗ್ರೋಫ್‌ಮನ್ ಎಳೆದ ಹೊಸ ಗೆರೆಗಳು 2019ಕ್ಕೆ ಜಾರಿಗೆ ಬಂದವು. ಕೆಳಮನೆ ಸಲ್ಲಿಸಿದ್ದ ಮೇಲ್ಮನವಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2019ರ ಜೂನ್ 17ರಂದು, ಮನವಿ ಸಲ್ಲಿಸುವ ಹಕ್ಕೇ ಆ ಒಂದು ಮನೆಗಿಲ್ಲ ಎಂದು ತಳ್ಳಿಹಾಕಿತು. ಆ ನವೆಂಬರಿನಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಸೈಮಂಡ್ಸ್ ಸುಲಭವಾಗಿ ಗೆದ್ದರು, ಡೆಮಾಕ್ರಟರು 55–45ರಿಂದ ಮನೆಯನ್ನು ಹಿಡಿದರು. 2021ರ ಡಿಸೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇಡೀ ನಕ್ಷೆಯನ್ನು ಹೊಸದಾಗಿ ಎಳೆಸಿತು. ಸೈಮಂಡ್ಸ್ 2023ರಲ್ಲಿ ಸ್ಪರ್ಧಿಸಿದ್ದು 70ನೇ ಕ್ಷೇತ್ರದಿಂದ.

ಬೀದಿ ಕಡತದ ವಿಷಯಕ್ಕೆ ನೇರವಾದ ಮದ್ದು 2020ರಲ್ಲಿ ಬಂತು. ಒಂದು ಮತಗಟ್ಟೆಯ ವ್ಯಾಪ್ತಿ ಒಂದೇ ಕೆಳಮನೆ ಕ್ಷೇತ್ರ, ಒಂದೇ ಮೇಲ್ಮನೆ ಕ್ಷೇತ್ರ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಒಂದೇ ಕ್ಷೇತ್ರದೊಳಗೆ ಇರಬೇಕು ಎಂದು ವರ್ಜೀನಿಯಾ ಕಾನೂನು ಮಾಡಿತು. ತೀರಾ ಸಾಧ್ಯವಾಗದ ಕಡೆ ಅನುಮತಿ ಪಡೆದು ಒಡೆದ ಮತಗಟ್ಟೆ ಇಟ್ಟುಕೊಳ್ಳಬಹುದು. ಅಂಥ ಮತಗಟ್ಟೆಯಿರುವ ಕ್ಷೇತ್ರದಲ್ಲಿ ಕೆಲಸ ಮಾಡುವ ಪಕ್ಷದ ಕಾರ್ಯಕರ್ತರು ಮತಪತ್ರ ಅಚ್ಚಾಗುವ ಮೊದಲು ಮಾಡಬೇಕಾದ ಕೆಲಸ ಒಂದೇ: ನೋಂದಣಿ ಕಚೇರಿಯಿಂದ ಮತದಾರರ ಪಟ್ಟಿ ಪಡೆದು, ಗಡಿಯ ಎರಡೂ ಬದಿಯ ರಸ್ತೆಗಳನ್ನಷ್ಟೇ ಆರಿಸಿ, ಪ್ರತಿ ಮನೆ ಸಂಖ್ಯೆಯ ಎದುರು ಬರೆದಿರುವ ಕ್ಷೇತ್ರವನ್ನು ಅಧಿಕೃತ ನಕ್ಷೆಯೊಡನೆ ತಾಳೆ ನೋಡುವುದು. ಸಮ–ಬೆಸ ಬದಿಗಳು, ರಸ್ತೆ ತಿರುಗುವ ಮೂಲೆಯ ಮನೆಗಳು, ನಕ್ಷೆ ಎಳೆದ ಮೇಲೆ ಕಟ್ಟಿದ ಅಪಾರ್ಟ್‌ಮೆಂಟ್‌ಗಳು ಮೊದಲು. ತಪ್ಪು ಕಂಡರೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಫೋನಿನಲ್ಲಿ ಹೇಳಿದ್ದು ಎಣಿಕೆಯ ದಿನ ಲೆಕ್ಕಕ್ಕೆ ಬರುವುದಿಲ್ಲ.